ಕೋವಿಯನ್ನು ಓದುವ ಬಗೆ

ಹೋದ ವರ್ಷ ಮಳೆ ಹಿಂದಾಗುವ ಹೊತ್ತಿಗೆ ನರಸಿಂಹರಾಜಪುರದ ಕಡೆಯ ಹುಡುಗನೊಬ್ಬ ಭದ್ರಾವತಿ ನ್ಯೂ ಟೌನಿನ ನಮ್ಮ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಮೂಲೆ ಸವೆದ ಲೈಸೆನ್ಸ್ ಪುಸ್ತಕ, ಮೊಬೈಲಿನಲ್ಲಿ ನಾಲ್ಕು ಫೋಟೊ.

"ಮೇಷ್ಟ್ರೇ, ಅಜ್ಜಯ್ಯ ತೀರಿಕೊಂಡ್ರು. ಅವರ ಜೋಡಿನಳಿಗೆ ಕೋವಿ ಸ್ಟೇಷನ್ನಿಗೆ ಒಪ್ಪಿಸಿದೀವಿ. ಮಾವ ಹೇಳ್ತಾರೆ, ಸರ್ಕಾರಕ್ಕೆ ಕೊಟ್ಟು ಕೈ ತೊಳ್ಕೊ, ಅದು ಗುಜರಿ ಅಂತ. ಇಟ್ಕೊಳ್ಳೋವಂಥದ್ದಾ, ನೀವೇ ಹೇಳಿ."

ಫೋಟೊ ನೋಡಿದೆ. ಹೊರಗೆ ಎರಡು ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಇರುವ ಹಳೆಯ ತೋಟಾ ಕೋವಿ. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಆರ್ಮಿ ಅಂಡ್ ನೇವಿ ಎಂಬ ಇಂಗ್ಲಿಷ್ ಅಕ್ಷರ. ಬಲ ನಳಿಗೆಯ ತುದಿಗೆ ನಾಲ್ಕು ಬೆರಳು ಹಿಂದೆ ಬಳೆ ತೊಡಿಸಿದಂತೆ ಒಂದು ಉಬ್ಬು. "ಇದೇನು?" ಎಂದೆ. "ಗೊತ್ತಿಲ್ಲ, ನಾ ಹುಟ್ಟೋಕೆ ಮುಂಚಿಂದ ಹಾಗೇ ಇದೆ" ಎಂದ.

ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ನಾನು ಅವತ್ತು ಹೇಳಲಿಲ್ಲ. ಓದಲು ಬಾರದ ಪತ್ರವನ್ನು ಹರಿದು ಹಾಕಬಾರದು. ಹಳೆಯ ಇಂಗ್ಲಿಷ್ ಕೋವಿಯೂ ಒಂದು ಪತ್ರವೇ; ಅದು ಯಾರ ಕೈಯಲ್ಲಿ ಹುಟ್ಟಿತು, ಯಾವ ಪರೀಕ್ಷೆ ದಾಟಿತು, ಯಾವ ತೋಟಾ ತಾಳುತ್ತದೆ, ಎಲ್ಲವನ್ನೂ ನಳಿಗೆಯ ಅಡಿಯಲ್ಲಿ ಬರೆದುಕೊಂಡೇ ಬಂದಿರುತ್ತದೆ. ಆ ಬರಹ ಓದುವುದನ್ನು ಅವನಿಗೆ ಹೇಳಿಕೊಟ್ಟೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಂಥ ಕೋವಿಗಳಿವೆ, ಇಂಥ ಹುಡುಗ ಹುಡುಗಿಯರೂ ಇದ್ದಾರೆ. ಅವರಿಗಾಗಿ ಅದೇ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳು. ನಮ್ಮ ಕಡೆ ಕೋವಿ ಎಂದರೆ ಎರಡು ಬಗೆ: ಕೇಪಿನ ಕೋವಿ, ತೋಟಾ ಕೋವಿ. ಕೇಪಿನ ಕೋವಿಗೆ ಮದ್ದು, ಚರೆ ಎಲ್ಲವನ್ನೂ ಬಾಯಿಯಿಂದ ತುಂಬಿ ಸರಳಿನಿಂದ ಜಡಿಯಬೇಕು. ಹಿಂದೆ ಪುಟ್ಟ ತಾಮ್ರದ ಕೇಪು ಕೂರಿಸಿದರೆ ಕುದುರೆ ಬಿದ್ದು ಕಿಡಿ ಒಳಗೆ ಹೋಗುತ್ತದೆ. ಈ ಕೇಪಿನ ಹಿಂದೆ ಒಬ್ಬ ಪಾದ್ರಿ ಇದ್ದಾನೆ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಹಳ್ಳಿಯ ಅಲೆಕ್ಸಾಂಡರ್ ಫೋರ್ಸಿತ್ ಬಾತು ಬೇಟೆಗೆ ಹೋಗುತ್ತಿದ್ದವನು. ಆಗಿನ ಚಕಮಕಿ ಕೋವಿಯಲ್ಲಿ ಹೊರಗಿನ ಮದ್ದು ಬುಗ್ಗೆಂದ ಮೇಲೆಯೇ ಒಳಗಿನದು ಹತ್ತುತ್ತಿತ್ತು. ಆ ಬೆಳಕು ಕಂಡ ಹಕ್ಕಿ, ಚರೆ ಬರುವುದರೊಳಗೆ ಮುಳುಗಿಬಿಡುತ್ತಿತ್ತು. ಪೆಟ್ಟು ಬಿದ್ದರೆ ತಾನೇ ಸಿಡಿಯುವ ಮದ್ದನ್ನು ಬಳಸುವ ಉಪಾಯಕ್ಕೆ ಅವನು 1807ರಲ್ಲಿ ಪೇಟೆಂಟ್ ಪಡೆದ. ಕೇಪು ಬಂದದ್ದು ಆ ದಾರಿಯಲ್ಲಿ.

ತೋಟಾ ಕೋವಿ ಮಧ್ಯಕ್ಕೆ ಮಡಚುತ್ತದೆ. ಮದ್ದು, ಬಿರಡೆ, ಚರೆ, ಕೇಪು ಎಲ್ಲ ಸೇರಿದ ಒಂದೇ ಕೊಳವೆ, ಅಂದರೆ ತೋಟಾ, ಹಿಂದಿನಿಂದ ಒಳಗೆ ಕೂರುತ್ತದೆ. ಇದು ಫ್ರಾನ್ಸಿನಲ್ಲಿ ಹುಟ್ಟಿದ ಯೋಚನೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರೆಂಚರ ಮಡಚುವ ಕೋವಿಯನ್ನು ನೋಡಿದ ಇಂಗ್ಲಿಷ್ ಕಸುಬುದಾರರು ಅದರ ಬೆನ್ನು ಹತ್ತಿ, ಮುಂದಿನ ನಲವತ್ತು ವರ್ಷಗಳಲ್ಲಿ ಅದಕ್ಕೆ ಕೊಟ್ಟ ರೂಪವೇ ಇವತ್ತಿಗೂ ಉಳಿದಿದೆ. ಅಂಥ ಕಸುಬುದಾರರಲ್ಲಿ ಒಬ್ಬರಾದ ಪರ್ಡೆಯವರ 1863ರ ಅಗುಳಿ, ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆನ್ಸನ್ ಮತ್ತು ಡೀಲಿ 1875ರಲ್ಲಿ ತಂದ ಒಳಕುದುರೆಯ ಪೆಟ್ಟಿಗೆ, ಇವೆರಡನ್ನು ಅರ್ಥಮಾಡಿಕೊಂಡರೆ ಕೋವಿಯ ಮುಕ್ಕಾಲು ಪಾಲು ಅರ್ಥವಾದಂತೆ. ಆನ್ಸನ್ ಮತ್ತು ಡೀಲಿಯವರ ಜಾಣತನ ಇಷ್ಟು: ಕೋವಿ ಮಡಚುವಾಗ ಕೆಳಗಿಳಿಯುವ ನಳಿಗೆಯ ಭಾರವೇ ಸನ್ನೆಗೋಲಿನಂತೆ ಒಳಗಿನ ಕುದುರೆಯನ್ನು ಎತ್ತಿ ನಿಲ್ಲಿಸುತ್ತದೆ. ಬೆರಳಿನಿಂದ ಕುದುರೆ ಎಳೆಯುವ ಕೆಲಸ ಹೋಯಿತು, ಬಿಡಿಭಾಗಗಳೂ ಕಡಿಮೆಯಾದವು. ಇದಕ್ಕೆ ಬಾಕ್ಸ್‌ಲಾಕ್ ಎನ್ನುತ್ತಾರೆ. ಯಂತ್ರವನ್ನು ಎರಡು ಪಕ್ಕದ ತಗಡುಗಳ ಮೇಲೆ ಕೂರಿಸಿದ್ದರೆ ಅದು ಸೈಡ್‌ಲಾಕ್; ಕೆಲಸ ಹೆಚ್ಚು, ಬೆಲೆಯೂ ಹೆಚ್ಚು. ಮಲೆನಾಡಿನ ಮನೆಗಳಲ್ಲಿ ನಾನು ಕಂಡ ಕುದುರೆಯಿಲ್ಲದ ಇಂಗ್ಲಿಷ್ ಕೋವಿಗಳಲ್ಲಿ ಹೆಚ್ಚಿನವು ಬಾಕ್ಸ್‌ಲಾಕ್. ಅದನ್ನು ಕಡಿಮೆಯೆಂದು ಎಣಿಸಬೇಡಿ. ಮಳೆ, ಕೆಸರು, ಅಡಿಕೆ ತೋಟದ ಬಾಳಿಗೆ ಅದೇ ಸರಿ.

ಇವು ಇಲ್ಲಿಗೆ ಬಂದದ್ದು ಹೇಗೆ? ಕಾಫಿ ತೋಟದ ದೊರೆಗಳು, ಅಧಿಕಾರಿಗಳು ತಂದದ್ದು ಕೆಲವು. ಕಲ್ಕತ್ತೆಯಲ್ಲಿ ಮ್ಯಾಂಟನ್, ರಾಡ್ಡಾ ಎಂಬ ದೊಡ್ಡ ಕೋವಿ ಅಂಗಡಿಗಳಿದ್ದವು. ಲಂಡನ್ನಿನ ಆರ್ಮಿ ಅಂಡ್ ನೇವಿ ಸಹಕಾರ ಸಂಘ 1891ರಲ್ಲಿ ಮುಂಬಯಿಯಲ್ಲೂ 1901ರಲ್ಲಿ ಕಲ್ಕತ್ತೆಯಲ್ಲೂ ಮಳಿಗೆ ತೆರೆದು, ಉಪ್ಪಿನಿಂದ ಕೋವಿಯವರೆಗೆ ಮಾರುತ್ತಿತ್ತು. ಕೋವಿಯ ಮೇಲೆ ಅದರ ಹೆಸರಿದ್ದರೂ ಮಾಡಿದವರು ಬರ್ಮಿಂಗ್‌ಹ್ಯಾಮಿನ ಬೇರೆ ಕಸುಬುದಾರರು. ದೊರೆಗಳು ಊರಿಗೆ ಮರಳುವಾಗ ಕೋವಿಗಳು ಗೌಡರಿಗೆ, ಹೆಗ್ಗಡೆಯವರಿಗೆ, ರೈಟರಿಗೆ ದಾಟಿದವು. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಓದಿದವರಿಗೆ ಆ ಕಾಲದ ಮನೆಗಳಲ್ಲಿ ಕೋವಿ ಎಷ್ಟು ಹತ್ತಿರದ ವಸ್ತುವಾಗಿತ್ತೆಂದು ಗೊತ್ತು. ನಮ್ಮ ಕಾಡಿನಲ್ಲಿ ಸದ್ದು ಮಾಡಿದ್ದೆಲ್ಲ ಇಂಗ್ಲಿಷ್ ಕೋವಿಯೇ ಎಂದಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕತೆಗಳ ಕೆನೆತ್ ಆಂಡರ್ಸನ್, ಸಾಗರ ರಸ್ತೆಯ ಚೋರಡಿಯ ಹುಲಿಯ ಬಗ್ಗೆಯೂ ಬರೆದವರು, ಬಾಳಿಡೀ ನೆಚ್ಚಿದ್ದು ಅಮೆರಿಕದ ವಿಂಚೆಸ್ಟರ್ ರೈಫಲನ್ನು.

ಇನ್ನು ಕೋವಿಯನ್ನು ಕೈಗೆ ತೆಗೆದುಕೊಳ್ಳೋಣ. ಹುಡುಗನ ಕೋವಿ ಸ್ಟೇಷನ್ನಿನಲ್ಲಿತ್ತು. ಅವನಿಗೆ ಲೈಸೆನ್ಸ್ ಇಲ್ಲದ ಕಾರಣ ಅದು ಅಲ್ಲಿಯೇ ಇರಬೇಕು. ಹಾಗಾಗಿ ನನ್ನದನ್ನೇ ಮೇಜಿನ ಮೇಲಿಟ್ಟೆ. ಅಪ್ಪನಿಂದ ನನಗೆ ಬಂದ 1950ರ ದಶಕದ ವೆಬ್ಲಿ ಅಂಡ್ ಸ್ಕಾಟ್ ಬಾಕ್ಸ್‌ಲಾಕ್.

ಯಾರೇ ಕೊಡಲಿ, ಕೈಗೆ ಬಂದ ಕೋವಿಯನ್ನು ಬಾಯಿ ನೆಲದ ಕಡೆ ಮಾಡಿ ಮೊದಲು ಮಡಚಿ, ಎರಡೂ ನಳಿಗೆ ಖಾಲಿಯೆಂದು ಕಣ್ಣಾರೆ ನೋಡಬೇಕು. ಕೊಟ್ಟವರು ನಿಮ್ಮೆದುರಿಗೇ ನೋಡಿ ಕೊಟ್ಟಿದ್ದರೂ ನೀವು ಮತ್ತೆ ನೋಡಬೇಕು. ಖಾಲಿ ಕೋವಿಯೆಂದು ನಂಬಿದ್ದರಿಂದ ಆದ ಸಾವುಗಳು ನಮ್ಮ ಸೀಮೆಯಲ್ಲಿ ಕಡಿಮೆಯಲ್ಲ. ಹುಡುಗ ನೋಡದೆಯೇ ಭುಜಕ್ಕೆ ಎತ್ತಲು ಹೋದ. ಕೈಯಿಂದ ತೆಗೆದುಕೊಂಡು ಮತ್ತೆ ಮೊದಲಿನಿಂದ ಮಾಡಿಸಿದೆ, ಐದು ಸಲ.

ಆಮೇಲೆ ಮುಂದಿನ ಮರ ಬಿಡಿಸಿ, ನಳಿಗೆ ಕಳಚಿ, ಬೋರಲು ಹಾಕಿ. ತೋಟಾ ಕೂರುವ ಜಾಗದ ಅಡಿಯಲ್ಲಿ ಎರಡು ಚಪ್ಪಟೆ ಮುಖಗಳಿವೆ. ಅಲ್ಲಿ ಇರುವೆ ಸಾಲಿನಂತೆ ಸಣ್ಣ ಮುದ್ರೆಗಳಿವೆಯಲ್ಲ, ಅದೇ ನಾವು ಓದಬೇಕಾದ ಬರಹ.

ಬ್ರಿಟನ್ನಿನಲ್ಲಿ ಪರೀಕ್ಷೆಯಾಗದ ಕೋವಿಯನ್ನು ಮಾರುವುದು ಅಪರಾಧ. ಲಂಡನ್ನಿನ ಕೋವಿ ಕಸುಬುದಾರರ ಸಂಘ ಹದಿನೇಳನೆಯ ಶತಮಾನದಿಂದಲೂ, ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರ ಕಾಯ್ದೆಯಿಂದಲೂ ಈ ಕೆಲಸ ಮಾಡುತ್ತಿವೆ. ಸಾಮಾನ್ಯ ತೋಟಾಕ್ಕಿಂತ ಬಹಳ ಜೋರಾದ ಮದ್ದು ತುಂಬಿ, ಗೋಡೆಯಾಚೆಯಿಂದ ಹಾರಿಸುತ್ತಾರೆ. ಸಿಡಿದರೆ, ಉಬ್ಬಿದರೆ ಅಲ್ಲಿಗೇ ಮುಗಿಯಿತು. ತಾಳಿದರೆ ಮುದ್ರೆ. ಬರ್ಮಿಂಗ್‌ಹ್ಯಾಮಿನ ಹಳೆಯ ಮುದ್ರೆ, ಕಿರೀಟದಡಿ ಕತ್ತರಿಯಾಗಿ ಇಟ್ಟ ಎರಡು ರಾಜದಂಡ. 1904ರಿಂದ ಅದು ಬದಲಾಗಿ ಕಿರೀಟದಡಿ ಬಿ.ಪಿ., ಬಿ.ವಿ., ಎನ್.ಪಿ. ಎಂಬ ಅಕ್ಷರಗಳಾದವು. ಈ ಎನ್.ಪಿ. ಎಂಬುದನ್ನು ಮರೆಯಬೇಡಿ. ನೈಟ್ರೋ, ಅಂದರೆ ಹೊಗೆಯಿಲ್ಲದ ಹೊಸ ಮದ್ದಿಗೆ ಪರೀಕ್ಷೆಯಾಗಿದೆ ಎಂದು ಅದರ ಅರ್ಥ. ಅದಿಲ್ಲದ ಕೋವಿ ಕರಿಮದ್ದನ್ನು ಮಾತ್ರ ತಾಳುತ್ತದೆಂದು ತಿಳಿಯಬೇಕು. ಇವತ್ತು ಅಂಗಡಿಯಲ್ಲಿ ಸಿಗುವ ತೋಟಾಗಳೆಲ್ಲ ಹೊಗೆಯಿಲ್ಲದ ಮದ್ದಿನವು.

ಜೊತೆಗೆ ಒಂದು ಅಂಕಿ ಇರುತ್ತದೆ, 12 ಅಥವಾ 16. ಹನ್ನೆರಡು ಬೋರು ಎಂದು ಎಲ್ಲರೂ ಹೇಳುತ್ತೇವೆ, ಹನ್ನೆರಡು ಏನು? ನಳಿಗೆಯ ಒಳಗೆ ಸರಿಯಾಗಿ ಕೂರುವಂಥ ಸೀಸದ ಗುಂಡು ಮಾಡಿ, ಅಂಥ ಹನ್ನೆರಡನ್ನು ತೂಗಿದರೆ ಒಂದು ಪೌಂಡು, ಸುಮಾರು 454 ಗ್ರಾಂ. ಗುಂಡು ಚಿಕ್ಕದಾದಷ್ಟೂ ಪೌಂಡಿಗೆ ಹೆಚ್ಚು ಬರುತ್ತವೆ, ಆದ್ದರಿಂದ 16 ಬೋರು 12ಕ್ಕಿಂತ ಸಣ್ಣದು. ಹನ್ನೆರಡರ ಒಳವ್ಯಾಸ 18.5 ಮಿಲಿಮೀಟರ್. 1887ರ ನಂತರದ ಕೋವಿಯಾದರೆ ವಜ್ರಾಕೃತಿಯೊಳಗೆ 12, ಅದರಡಿ ಸಿ ಅಕ್ಷರ. 1954ರ ನಂತರದ್ದಾದರೆ ಒತ್ತಡವನ್ನೇ ಟನ್ನಿನಲ್ಲಿ ಬರೆದಿರುತ್ತಾರೆ; ನನ್ನದರಲ್ಲಿ ಚದರ ಅಂಗುಲಕ್ಕೆ ಮೂರೂಕಾಲು ಟನ್ ಎಂದಿದೆ. 1875ರಿಂದ 1887ರವರೆಗೆ, ಅಂದರೆ ಬಾಯಿಯ ಬಳಿ ನಳಿಗೆಯನ್ನು ಕೊಂಚ ಬಿಗಿ ಮಾಡುವ ಚೋಕ್ ಹೊಸದಾಗಿ ಬಂದಿದ್ದಾಗ, ಅಂಥ ನಳಿಗೆಯ ಮೇಲೆ 'ನಾಟ್ ಫಾರ್ ಬಾಲ್' ಎಂದು ಒತ್ತುತ್ತಿದ್ದರು. ಚರೆ ಹೊಡೆಯಿರಿ, ಒಂಟಿ ಗುಂಡು ಬೇಡ ಎಂಬ ಎಚ್ಚರಿಕೆ. ಬಿಗಿಯಾದ ಬಾಯಿಯಲ್ಲಿ ಬೋರಿನ ಅಳತೆಯ ಗುಂಡು ತೂರಲಾರದು.

ಮುದ್ರೆ ಓದಲು ಬಂದರೆ ಮೋಸಹೋಗುವುದೂ ತಪ್ಪುತ್ತದೆ. ಬೆಲ್ಜಿಯಮಿನ ಲಿಯೇಜ್ ಪಟ್ಟಣದಿಂದ ಅಗ್ಗದ ಕೋವಿಗಳು ರಾಶಿ ರಾಶಿ ಬಂದವು. ಅವುಗಳಲ್ಲಿ ಕೆಲವಕ್ಕೆ ಇಂಗ್ಲಿಷ್ ಹೆಸರುಗಳನ್ನು ಹೋಲುವ ಹೆಸರು ಕೆತ್ತಿರುತ್ತಿದ್ದರು: ವೆಸ್ಟ್ಲಿ ರಿಚರ್ಡ್ಸ್ ಬದಲಿಗೆ ಬರೀ ಡಬ್ಲ್ಯು ರಿಚರ್ಡ್ಸ್. ಮೇಲಿನ ಹೆಸರು ಏನೇ ಹೇಳಲಿ, ಅಡಿಯಲ್ಲಿ ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ. ಎಂದಿದ್ದರೆ ಅದು ಲಿಯೇಜಿನದು. ಅದರಿಂದಲೇ ಅದು ಕೆಟ್ಟ ಕೋವಿಯೆಂದಲ್ಲ, ಲಿಯೇಜಿನಲ್ಲಿ ಒಳ್ಳೆಯ ಕಸುಬುದಾರರೂ ಇದ್ದರು. ಇಂಗ್ಲಿಷ್ ಕೋವಿಯ ಬೆಲೆ ಮಾತ್ರ ಕೊಡಬೇಡಿ.

ಹುಡುಗ ಇನ್ನೊಂದು ಫೋಟೊ ದೊಡ್ಡದು ಮಾಡಿ ತೋರಿಸಿದ. ನಳಿಗೆಯ ಮೈಮೇಲೆ ಕಂದು ಬಣ್ಣದ ಸುರುಳಿ ಸುರುಳಿ ಕಲೆ. "ತುಕ್ಕು ಹಿಡಿದು ಹೋಗಿದೆ, ಅಲ್ವಾ?"

ಅದು ತುಕ್ಕಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಬ್ಬಿಣದ ಊರಿನಲ್ಲಿ ಕೂತು ಈ ಮಾತನ್ನು ಬೇಗ ಮುಗಿಸಲು ನನಗೆ ಮನಸ್ಸಾಗುವುದಿಲ್ಲ.

ಆ ಕಾಲದಲ್ಲಿ ಉದ್ದನೆಯ ಉಕ್ಕಿನ ದಿಂಡನ್ನು ಕೊರೆದು ನಂಬಿಕೆಯ ನಳಿಗೆ ಮಾಡುವುದು ಕಷ್ಟವಿತ್ತು. ಕಬ್ಬಿಣ ಮತ್ತು ಉಕ್ಕಿನ ಸಣ್ಣ ಸರಳುಗಳನ್ನು ಒಂದರ ಮೇಲೊಂದು ಪೇರಿಸಿ, ಕಾಯಿಸಿ, ಬಡಿದು ಒಂದು ಮಾಡಿ, ಹಗ್ಗ ಹೊಸೆದಂತೆ ಹೊಸೆಯುತ್ತಿದ್ದರು. ಅಂಥ ಎರಡು ಮೂರು ಹುರಿಗಳನ್ನು ಅಕ್ಕಪಕ್ಕ ಬೆಸೆದು ಪಟ್ಟಿ ಮಾಡಿ, ಆ ಪಟ್ಟಿಯನ್ನು ಸರಳಿಗೆ ಸುತ್ತಿ, ಅಂಚಿಗೆ ಅಂಚು ಬೆಸೆದರೆ ನಳಿಗೆ. ಆಮೇಲೆ ತೆಳು ಆಮ್ಲದಲ್ಲಿ ತೋಯಿಸಿದರೆ ಕಬ್ಬಿಣ ಒಂದು ಬಣ್ಣ, ಉಕ್ಕು ಒಂದು ಬಣ್ಣ. ಸಂಜೆಯ ಗಾಳಿಗೆ ಭದ್ರೆಯ ನೀರು ಸುಕ್ಕಾದಂತೆ ಮೈತುಂಬ ಗೆರೆ. ಇದನ್ನು ಡಮಾಸ್ಕಸ್ ನಳಿಗೆ ಎನ್ನುತ್ತಾರೆ.

ಹೆಸರು ಎರವಲು. ಡಮಾಸ್ಕಸ್ ಕತ್ತಿಗಳೆಂದು ಲೋಕವೆಲ್ಲ ಹೊಗಳಿದ ಕತ್ತಿಗಳ ಲೋಹ ಹೋಗುತ್ತಿದ್ದದ್ದು ದಕ್ಷಿಣ ಭಾರತದಿಂದ. ಮುಚ್ಚಿದ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನೂ ಕಟ್ಟಿಗೆ ಎಲೆಗಳನ್ನೂ ಇಟ್ಟು ಕಾಯಿಸಿ ತೆಗೆದ ಉಕ್ಕು ಅದು. ಇಂಗ್ಲಿಷಿನಲ್ಲಿ ಅದಕ್ಕೆ ವೂಟ್ಜ್ ಎಂಬ ಹೆಸರು, ನಮ್ಮ 'ಉಕ್ಕು' ಎಂಬ ಮಾತೇ ಕೆಟ್ಟು ಆದದ್ದು. ಆದರೆ ಕತ್ತಿಯ ಗೆರೆ ಲೋಹದೊಳಗಿನಿಂದಲೇ, ಅದು ತಣಿಯುವಾಗ ಮೂಡಿದ್ದು. ನಳಿಗೆಯ ಗೆರೆ ಹೊಸೆದು ಬೆಸೆದದ್ದರಿಂದ ಬಂದದ್ದು. ನೋಟ ಒಂದೇ, ಹುಟ್ಟು ಬೇರೆ. ಈ ಎರಡನ್ನು ಕಲಸಬೇಡಿ.

ಹೊಸೆದ ನಳಿಗೆಯಲ್ಲಿ ಅಡಿಗಡಿಗೂ ಬೆಸುಗೆ. ಒಂದೆಡೆ ಕಿಟ್ಟ ಸಿಕ್ಕಿಕೊಂಡಿದ್ದರೆ ಅಲ್ಲಿ ನೂರು ವರ್ಷದಲ್ಲಿ ತೇವ ಸೇರಿ ಒಳಗೊಳಗೇ ತಿನ್ನುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ಕರಗಿದ ಉಕ್ಕನ್ನು ಒತ್ತಡದಲ್ಲಿ ಹಿಂಡಿ, ಗುಳ್ಳೆಯಿಲ್ಲದ ಗಟ್ಟಿ ಉಕ್ಕು ತೆಗೆದ ಮೇಲೆ ಪರ್ಡೆಯಂಥವರು ಆ ಕಡೆ ತಿರುಗಿದರು. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಇದ್ದಿಲಿನ ಕುಲುಮೆ ಹತ್ತಿಸಿ ಕೆಮ್ಮಣ್ಣುಗುಂಡಿಯ ಅದಿರು ಕರಗಿಸುವ ಹೊತ್ತಿಗೆ ಹೊಸೆದ ನಳಿಗೆಯ ಕಾಲ ಹೆಚ್ಚುಕಡಿಮೆ ಮುಗಿದಿತ್ತು. ಇದ್ದಿಲಿನ ಕಬ್ಬಿಣದಲ್ಲಿ ಗಂಧಕ ಕಡಿಮೆ, ಅದಕ್ಕೇ ಭದ್ರಾವತಿಯ ಕಬ್ಬಿಣಕ್ಕೆ ಒಳ್ಳೆಯ ಹೆಸರಿತ್ತು. ಇದನ್ನು ನಾನು ಕ್ಲಾಸಿನಲ್ಲಿ ಹೇಳುವಾಗ ಕಾರ್ಖಾನೆಯ ಸೈರನ್ ಕೇಳುತ್ತಿತ್ತು. ಈಗಿನ ಮಕ್ಕಳಿಗೆ ಆ ಸದ್ದಿನ ನೆನಪು ಉಳಿಯುವುದೋ ಇಲ್ಲವೋ ಎಂದು ಸಂಕಟವಾಗುತ್ತದೆ.

ಡಮಾಸ್ಕಸ್ ನಳಿಗೆಯಿದ್ದು ಎನ್.ಪಿ. ಮುದ್ರೆ ಇಲ್ಲವೆಂದರೆ ಇವತ್ತಿನ ತೋಟಾ ಹಾಕಲೇಬೇಡಿ. ಅಜ್ಜ ಹೊಡೆಯುತ್ತಿದ್ದರು, ಏನೂ ಆಗಲಿಲ್ಲ ಎಂಬ ಮಾತಿಗೆ ಕಿವಿಗೊಡಬೇಡಿ. ನಳಿಗೆ ಸಿಡಿದರೆ ಹೋಗುವುದು ಮುಂದಿನ ಮರ ಹಿಡಿದ ಎಡಗೈ.

ಎನ್.ಪಿ. ಇದ್ದರೂ ಇನ್ನೊಂದು ತೊಡಕಿದೆ, ಮತ್ತು ಹೊಸಬರು ಹೆಚ್ಚಾಗಿ ಎಡವುವುದು ಅಲ್ಲಿಯೇ. ಹಳೆಯ ಇಂಗ್ಲಿಷ್ ಹನ್ನೆರಡು ಬೋರಿನ ತೋಟಾ ಮನೆ, ಅಂದರೆ ತೋಟಾ ಕೂರುವ ಜಾಗ, ಬಹುಮಟ್ಟಿಗೆ ಎರಡೂವರೆ ಅಂಗುಲ, 65 ಮಿಲಿಮೀಟರ್. ನಮ್ಮ ದೇಶದ ಖಡಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ 70 ಮಿಲಿಮೀಟರಿನದು. ವಿಷಯ ಏನೆಂದರೆ ಈ ಅಳತೆ ಹೊಡೆದ ಮೇಲಿನ ಉದ್ದ. ಹೊಡೆಯುವ ಮುಂಚೆ ಬಾಯಿ ಮಡಚಿರುವುದರಿಂದ 70ರದು 65ರ ಮನೆಯೊಳಗೆ ಸಲೀಸಾಗಿ ಕೂತುಬಿಡುತ್ತದೆ. ಕೂತಿತಲ್ಲ ಎಂದು ಹೊಡೆದರೆ, ಬಿಚ್ಚಿಕೊಂಡ ಬಾಯಿಗೆ ಜಾಗ ಸಾಲದೆ ನಳಿಗೆ ಕಿರಿದಾಗುವ ಕಡೆ ಅಡ್ಡ ಬರುತ್ತದೆ, ಒತ್ತಡ ಏರುತ್ತದೆ. ಆದ್ದರಿಂದ ತೋಟಾ ಮನೆಯ ಉದ್ದವನ್ನು ಬಲ್ಲವರಿಂದ ಅಳೆಸಿ. 65ರದ್ದಾದರೆ 65ರ ತೋಟಾ ಸಿಗುವವರೆಗೆ ಅದು ಬೀಗದೊಳಗೇ ಇರಲಿ. ಕೆಲವರು ಮನೆಯನ್ನೇ ಕೊರೆಸಿ ಉದ್ದ ಮಾಡಿಸುತ್ತಾರೆ. ಹಾಗೆ ಮಾಡಿದರೆ ಲೋಹವೂ ತೆಳುವಾಯಿತು, ಆಗಿದ್ದ ಪರೀಕ್ಷೆಗೂ ಬೆಲೆಯಿಲ್ಲದಾಯಿತು.

ಆರೋಗ್ಯ ನೋಡುವುದಕ್ಕೆ ಯಂತ್ರ ಬೇಕಿಲ್ಲ, ತಾಳ್ಮೆ ಸಾಕು. ಕಳಚಿದ ನಳಿಗೆಯನ್ನು ಅದರ ಕೊಕ್ಕೆಯಲ್ಲಿ ಬೆರಳಿಗೆ ತೂಗಿಸಿ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ದೇವಸ್ಥಾನದ ಗಂಟೆಯಂತೆ ನಾದ ಉಳಿದರೆ ಎರಡು ನಳಿಗೆಗಳ ನಡುವಿನ ಬೆಸುಗೆ ಗಟ್ಟಿಯಿದೆ. ಬಿರುಕು ಬಿಟ್ಟ ಮಡಕೆಯ ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ಆಕಾಶದ ಬೆಳಕಿಗೆ ಹಿಡಿದು ಒಳಗೆ ನೋಡಿ. ಬೆಳಕಿನ ವರ್ತುಲಗಳು ಒಂದರೊಳಗೊಂದು ದುಂಡಗೆ ಕಾಣಬೇಕು, ಎಲ್ಲಿ ಸೊಟ್ಟಗಾದವೋ ಅಲ್ಲಿ ತಗ್ಗೋ ಉಬ್ಬೋ ಇದೆ. ಒಳಗೆ ಸಿಡುಬಿನ ಕಲೆಯಂಥ ಚುಕ್ಕೆಗಳಿದ್ದರೆ ತೋಟಾ ಮನೆಯ ಹತ್ತಿರದವು ಅಪಾಯದವು. ನಂತರ ಮುಂದಿನ ಮರ ಬಿಟ್ಟು ಕೋವಿ ಜೋಡಿಸಿ, ಮುಚ್ಚಿ, ಮರದ ಹಿಡಿಯನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಟಕಟ ಎಂದರೆ ಕೀಲು ಸವೆದಿದೆ. ನಳಿಗೆಯ ಗೋಡೆ ಎಷ್ಟು ದಪ್ಪ ಉಳಿದಿದೆ ಎಂಬುದನ್ನು ಮಾತ್ರ ಉಪಕರಣವಿರುವ ಕೋವಿ ರಿಪೇರಿಯವರೇ ಹೇಳಬೇಕು.

ಕಾನೂನಿನ ಮಾತು ಚುಟುಕಾಗಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಲೈಸೆನ್ಸುದಾರರು ತೀರಿಕೊಂಡರೆ ಕೋವಿಯನ್ನು ಸ್ಟೇಷನ್ನಿಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ, ವಾರಸುದಾರರು ಉಳಿದವರ ಒಪ್ಪಿಗೆಯೊಡನೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಬೇಕು. ಹಿರಿಯರು ಬದುಕಿರುವಾಗಲೇ, ಅವರಿಗೆ 70 ತುಂಬಿದ್ದರೆ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ವಾರಸುದಾರರ ಹೆಸರಿಗೆ ಮಾಡಲು 2016ರ ನಿಯಮಗಳಲ್ಲಿ ದಾರಿಯಿದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಇವತ್ತೇ ಮಾತಾಡಿ. ಕೊಡಗಿನವರ ವಿಷಯ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿ. ಆ ವಿನಾಯಿತಿ ನಮಗಿಲ್ಲ.

2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಕೋವಿ, ಪಿತ್ರಾರ್ಜಿತವಾದರೂ ಅಷ್ಟೇ. ವಿದೇಶದಿಂದ ಖಾಸಗಿಯವರು ತರಿಸುವುದಕ್ಕೆ 1980ರ ದಶಕದಿಂದಲೇ ತಡೆ. ಹಾಗಿರುವಾಗ ಸಂಗ್ರಹ ಎಂದರೇನು ಎಂದು ಕೇಳಬಹುದು. ಇಂಗ್ಲೆಂಡಿನವರಂತೆ ಗೋಡೆ ತುಂಬ ನೇತುಹಾಕುವುದು ನಮ್ಮಿಂದಾಗದು. ನಾನು ಸಂಗ್ರಹಿಸುವುದು ಕತೆಗಳನ್ನು. ಮೂವತ್ತು ವರ್ಷದಿಂದ ಒಂದು ನೋಟುಬುಕ್ಕಿನಲ್ಲಿ ನೋಡಿದ ಒಂದೊಂದು ಕೋವಿಯ ಮುದ್ರೆ, ನಂಬರು, ಮನೆಯವರು ಹೇಳಿದ ಮಾತು ಬರೆದಿಟ್ಟಿದ್ದೇನೆ. ಪರ್ಡೆ, ವೆಸ್ಟ್ಲಿ ರಿಚರ್ಡ್ಸ್‌ನಂಥ ಮನೆತನಗಳ ಹಳೆಯ ಲೆಕ್ಕದ ಪುಸ್ತಕಗಳು ಉಳಿದಿವೆ. ಕೋವಿಯ ನಂಬರು ಬರೆದು ಕೇಳಿದರೆ ಯಾವ ವರ್ಷ, ಯಾರಿಗಾಗಿ ಮಾಡಿದ್ದೆಂದು ತಿಳಿಯಬಹುದು. ಹಳೆಯ ಆಯುಧ ನೋಡುವ ಹಂಬಲವಿದ್ದವರು ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಗೆ ಹೋಗಿ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಪಾಳುಬಾವಿಯೊಂದರಲ್ಲಿ ಸಿಕ್ಕ ಸಾವಿರದಷ್ಟು ಟಿಪ್ಪು ಕಾಲದ ರಾಕೆಟ್ಟುಗಳನ್ನು ಅಲ್ಲಿಗೆ ತಂದರು.

ಹೊಡೆಯುವ ಮಾತಿಗೆ ಬರೋಣ. ಬೇಟೆ ಇಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ಮುಗಿಸಿತು, ಮುಗಿದದ್ದು ಒಳ್ಳೆಯದಾಯಿತು. ನಿಮ್ಮದೇ ಗದ್ದೆಗೆ ನುಗ್ಗಿದ ಹಂದಿಗೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೊಡೆಯುವಂತಿಲ್ಲ. ಕಲಿಯಬೇಕೆಂದರೆ ಜಿಲ್ಲಾ ಪೊಲೀಸರು ನಾಗರಿಕರಿಗೆ ನಡೆಸುವ ಬಂದೂಕು ತರಬೇತಿಯಿಂದ ಶುರುಮಾಡಿ. ಕೈ ಪಳಗಿದ ಮೇಲೆ ಲೈಸೆನ್ಸ್ ಇರುವ ರೇಂಜಿನಲ್ಲಿ ಹಾರುವ ಬಿಲ್ಲೆಗೆ ಹೊಡೆಯಬಹುದು. ಬಿಲ್ಲೆ 11 ಸೆಂಟಿಮೀಟರ್ ಅಗಲ, ಚರೆ ತಾಗಿದರೆ ಪುಡಿ.

ತರಬೇತಿಯಲ್ಲಿ ರೈಫಲ್ ಹಿಡಿದು ಬಂದವರು ಜೋಡಿನಳಿಗೆಯಲ್ಲಿ ಮೊದಲು ತಪ್ಪುತ್ತಾರೆ, ಏಕೆಂದರೆ ಗುರಿ ಹಿಡಿಯುತ್ತಾರೆ. ಚರೆಯ ಕೋವಿಗೆ ಗುರಿ ಹಿಡಿಯಬಾರದು. ಮಾವಿನಮರಕ್ಕೆ ಕಲ್ಲು ಬೀರುವ ಹುಡುಗ ಕೈಯನ್ನು ನೋಡುತ್ತಾನೆಯೇ? ಕಣ್ಣು ಕಾಯಿಯ ಮೇಲಿರುತ್ತದೆ, ಕೈ ಹಿಂಬಾಲಿಸುತ್ತದೆ. ಹಾಗೆಯೇ ಎರಡೂ ಕಣ್ಣು ಬಿಲ್ಲೆಯ ಮೇಲಿರಲಿ. ಎಡಗೈ ಅದರ ದಾರಿಯನ್ನು ತೋರಿಸಲಿ. ಕೋವಿ ಮೊದಲು ಕೆನ್ನೆಗೆ ಬರಬೇಕು, ಆಮೇಲೆ ಭುಜಕ್ಕೆ. ಬಿಲ್ಲೆಯ ಹಿಂದಿನಿಂದ ಬಂದು, ಅದನ್ನು ದಾಟಿ, ಟ್ರಿಗರ್ ಒತ್ತಿದ ಮೇಲೂ ಕೈ ನಿಲ್ಲದೆ ಸಾಗಬೇಕು. ನಿಲ್ಲಿಸಿದರೆ ಚರೆ ಹಿಂದೆ ಹೋಗುತ್ತದೆ. ಹಳೆಯ ಇಂಗ್ಲಿಷ್ ಕೋವಿಯ ಸುಖ ಇಲ್ಲಿ ಗೊತ್ತಾಗುತ್ತದೆ. ಭಾರವೆಲ್ಲ ಎರಡು ಕೈಗಳ ನಡುವೆ ಇರುವುದರಿಂದ ಅದು ಹೊರೆಯೆನ್ನಿಸದೆ ನೋಟದ ಹಿಂದೆಯೇ ತಿರುಗುತ್ತದೆ. ಒಬ್ಬೊಬ್ಬರ ತೋಳಿಗೆ, ಕುತ್ತಿಗೆಗೆ ಅಳತೆ ಮಾಡಿ ಮರದ ಹಿಡಿ ಕೆತ್ತುತ್ತಿದ್ದರು. ಆರಡಿ ದೊರೆಗೆ ಮಾಡಿದ್ದು ನಮಗೆ ಉದ್ದವಾದೀತು, ಅದನ್ನು ಸರಿಮಾಡಿಸಬೇಕು.

ಭಾರಕ್ಕೂ ಒಂದು ಲೆಕ್ಕವಿದೆ. ಬರ್ಮಿಂಗ್‌ಹ್ಯಾಮಿನ ಕೋವಿ ಕಸುಬುದಾರ ಗ್ರೀನರ್ ಹೇಳಿದ್ದು: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. 30 ಗ್ರಾಂ ಚರೆಗೆ 96ರಿಂದ ಗುಣಿಸಿದರೆ 2,880 ಗ್ರಾಂ. ಹಳೆಯ ಹನ್ನೆರಡು ಬೋರನ್ನು ತಕ್ಕಡಿಗಿಟ್ಟರೆ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಅದಕ್ಕಿಂತ ಹೆಚ್ಚು ಚರೆಯ ತೋಟಾ ಹಾಕಿದರೆ ನಿಮ್ಮ ಭುಜವೂ ಕೋವಿಯ ಮರವೂ ನೋಯುತ್ತವೆ.

ಹೊಡೆದು ಬಂದ ದಿನವೇ ಒರೆಸಬೇಕು. ಮಲೆನಾಡಿನ ಜುಲೈಯಲ್ಲಿ ರಾತ್ರಿ ಕಳೆಯುವುದರೊಳಗೆ ತುಕ್ಕು ಏಳುತ್ತದೆ. ಹಳೆಯ ಕೇಪಿನ ಮದ್ದು, ಕರಿಮದ್ದು ಬಳಸಿದ್ದರೆ ಎಣ್ಣೆ ಸಾಲದು. ಅವು ಬಿಟ್ಟುಹೋಗುವ ಉಪ್ಪು ನೀರಿಗೆ ಮಾತ್ರ ಕರಗುತ್ತದೆ, ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಕಾಲ ಕಳೆದಂತೆ ಕಮಟುತ್ತದೆ. ಚರ್ಮದ ಚೀಲದಲ್ಲಿ, ಕಂಬಳಿಯಲ್ಲಿ ಸುತ್ತಿಡುವ ಅಭ್ಯಾಸ ನಮ್ಮಲ್ಲಿ ಬಹಳ, ಎರಡೂ ತೇವ ಹಿಡಿದಿಡುತ್ತವೆ. ಗಾಳಿಯಾಡುವ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿಡಿ, ತೋಟಾ ಬೇರೆ ಬೀಗದಲ್ಲಿ. ಹಿಡಿಯ ಅಕ್ರೋಟ್ ಮರಕ್ಕೆ ವಾರ್ನಿಶ್ ಬಳಿಸಬೇಡಿ, ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ಬಿಸಿಯಾಗುವವರೆಗೆ ಉಜ್ಜಿ.

ಪಾಠ ಮುಗಿಸಿ ಹುಡುಗನಿಗೆ ಒಂದೇ ಕೆಲಸ ಹೇಳಿ ಕಳಿಸಿದೆ. ಸ್ಟೇಷನ್ನಿನಲ್ಲಿ ವಿನಂತಿ ಮಾಡಿಕೊಂಡು, ಅವರೆದುರಿಗೇ ನಳಿಗೆ ಕಳಚಿ, ಅಡಿಯ ಮುದ್ರೆಗಳ ಫೋಟೊ ತೆಗೆದುಕೊಂಡು ಬಾ.

ಹದಿನೈದು ದಿನ ಬಿಟ್ಟು ಬಂದ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವನೇ ಓದತೊಡಗಿದ. "ಕಿರೀಟ ಇದೆ, ಅದರಡಿ ಕತ್ತರಿ ಹಾಕಿದ ದಂಡ. ಅಂದ್ರೆ ಬರ್ಮಿಂಗ್‌ಹ್ಯಾಮು, 1904ಕ್ಕೆ ಮುಂಚಿಂದು. ವಜ್ರದ ಗುರುತು ಇಲ್ಲ. ಎನ್.ಪಿ. ಇಲ್ಲ. ಇದನ್ನ ಹೊಡೆಯೋ ಹಾಗಿಲ್ಲ, ಮೇಷ್ಟ್ರೇ." ಫೋಟೊ ಸರಿಸಿದ. ಬಲ ನಳಿಗೆಯ ಅಡಿ ಮೂರು ಸಣ್ಣ ಪದ, ಸವೆದಿದ್ದರೂ ಸ್ಪಷ್ಟ: ನಾಟ್ ಫಾರ್ ಬಾಲ್.

1887ಕ್ಕೆ ಮುಂಚಿನದು. ಅವನ ಅಜ್ಜಯ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಮಾಡಿದ್ದು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮೊದಲ ದಿನದ ಫೋಟೊ ತೆಗೆದು, ಬಾಯಿಯ ಬಳಿಯ ಉಬ್ಬಿನ ಮೇಲೆ ಬೆರಳಿಟ್ಟ. "ಗದ್ದೆಗೆ ಹಂದಿ ಬರ್ತಿದ್ದ ಕಾಲದಲ್ಲಿ ಅಜ್ಜಯ್ಯ ಸೀಸ ಕಾಯ್ಸಿ ಒಂಟಿ ಗುಂಡು ಎರಕ ಹೊಯ್ತಿದ್ರಂತೆ. ಅಮ್ಮ ಹೇಳ್ತಿದ್ಲು, ಒಂದ್ ರಾತ್ರಿ ಸದ್ದು ಬೇರೆ ಥರ ಬಂತು, ಅಜ್ಜಯ್ಯ ಕೋವಿ ತಗೊಂಡು ಬಂದು ದೀಪದ ಮುಂದೆ ಕೂತು ನೋಡ್ತಾನೇ ಇದ್ರು ಅಂತ. ಅವರಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ."

ಅರ್ಜಿ ಬರೆಯಲು ಹಾಳೆ ಕೇಳಿದ. ಕೊಟ್ಟೆ.